ದುಡಿದು ತಂದ ಎರಡು ಹಲ್ಲು

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ಒಂದಕ್ಷರವನ್ನೂ ನಂಬಬೇಡಿ. ನೋಡೋಣ, ಎಷ್ಟು ಹೊತ್ತು ನಂಬದೇ ಇರುತ್ತೀರಿ ಅಂತ. ಬೆಟಗೇರಿಯಲ್ಲಿ ನನ್ನನ್ನು ಬಲ್ಲವರು, ನಾನು ಮಳೆ ಬಂತು ಎಂದರೆ ಅಂಗಳಕ್ಕೆ ಕೈ ಚಾಚಿ ನೋಡಿದ ಮೇಲೆಯೇ ಒಣಗಿದ ಬಟ್ಟೆ ಎತ್ತುತ್ತಾರೆ. ಎಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಇದು. ಒಮ್ಮೆ ಮುಂಡರಗಿ ಬಸ್ಸಿಗೆ ಎಲ್ಲರೂ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಿದ್ದಾಗ, ನಾನು ನನ್ನ ಹಲ್ಲಿನ ಸೆಟ್ಟು ತೆಗೆದು ಸೀಟಿನ ಮೇಲಿಟ್ಟು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ನನ್ನ ಸೀಟು ಮಾತ್ರ ಖಾಲಿ. ಅದರ ಪಕ್ಕದ್ದೂ ಖಾಲಿ! ಯಾವ ಟವೆಲ್ಲಿಗಿದೆ ಈ ತಾಕತ್ತು?

ಆದರೆ ಇವತ್ತು ಹೇಳಬೇಕಾದದ್ದು ನನ್ನ ಹಲ್ಲಿನ ಸುದ್ದಿಯಲ್ಲ, ನನ್ನ ಮೊಮ್ಮಗಳು ಶೈಲಾಳದು. ಇಪ್ಪತ್ನಾಲ್ಕರ ಹುಡುಗಿ. ಗದಗಿನ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹರಡುವ ಕೆಲಸ. ಅವಳು ನಕ್ಕು "ಅಕ್ಕಾರ, ಇದು ನಿಮಗಂತನ ನೇದಂಗ ಐತಿ ನೋಡ್ರಿ" ಎಂದರೆ, ಬರೀ ಕುಪ್ಪಸದ ಬಟ್ಟೆಗೆ ಬಂದವರು ಎರಡು ಸೀರೆ ಒಯ್ಯುತ್ತಿದ್ದರು. ಆ ನಗು ಅವಳಿಗೆ ನನ್ನಿಂದಲೇ ಬಂದದ್ದು. ಒಂದು ಮುಂಜಾನೆ ಸ್ಕೂಟಿ ಜಾರಿತು. ಸ್ಕೂಟಿ ಒಂದು ಕಡೆ, ಶೈಲಾ ಒಂದು ಕಡೆ, ಮುಂದಿನ ಎರಡು ಹಲ್ಲು ಮೂರನೆಯ ಕಡೆ. ಅಂಗಡಿಯ ಮಾಲೀಕ ಕೆಟ್ಟವನೇನಲ್ಲ. "ಸ್ವಲ್ಪ ದಿನ ಒಳಗ ಕುಂತು ಸೀರಿ ಮಡಚವಾ" ಅಂದ. ಆ ಸ್ವಲ್ಪ ದಿನ ಎರಡು ವರ್ಷವಾಯಿತು. ಹುಡುಗಿ ಮಾತಾಡುವಾಗ ಓಢಣಿ ಬಾಯಿಗೆ ಬರತೊಡಗಿತು. ಅವಳನ್ನು ನಗಿಸಬೇಕೆಂದು ನಾನು ನನ್ನ ಸೆಟ್ಟನ್ನು ತಲೆಕೆಳಗಾಗಿ ಹಾಕಿಕೊಂಡು ಎದುರಿಗೆ ಕುಳಿತೆ. ಅವಳು ಸುಮ್ಮನೆ ಎದ್ದು ಒಳಗೆ ಹೋದಳು. ನನ್ನ ಆಟಕ್ಕೆ ಜನ ಬೈದದ್ದುಂಟು, ಕಲ್ಲು ತೆಗೆದುಕೊಂಡದ್ದೂ ಉಂಟು; ಹೀಗೆ ಎದ್ದು ಹೋದವರಿರಲಿಲ್ಲ.

"ನನ್ನಂಥಾ ಸೆಟ್ ಹಾಕಿಸ್ಕೊಳವಾ, ಜಲ್ದಿ ಆಕ್ಕೈತಿ" ಎಂದೆ.

"ರಾತ್ರಿ ಲೋಟದಾಗ ತೆಗೆದಿಡೋ ನಗಿ ನನಗ ಬ್ಯಾಡ ಅಜ್ಜಾ" ಎಂದಳು. ಸಂಬಳ ಕೂಡಿಟ್ಟು, ಯಾರನ್ನೂ ಕೇಳದೆ, ಹಲ್ಲಿನ ಡಾಕ್ಟರರ ಹತ್ತಿರ ಹೋಗಿ ಇಂಪ್ಲಾಂಟ್ ಮಾಡಿಸಲು ಹೆಸರು ಬರೆಸಿ ಬಂದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ದವಡೆಯ ಎಲುಬಿಗೆ ಲೋಹದ ಸ್ಕ್ರೂ ಕೂಡಿಸಿದರು. ಅದು ಎಲುಬಿನೊಂದಿಗೆ ಬೆಸೆದುಕೊಳ್ಳಲು ಮೂರ್ನಾಲ್ಕು ತಿಂಗಳು ಬೇಕು, ಆಮೇಲೆ ಅದರ ಮೇಲೆ ಹಲ್ಲು, ಅಲ್ಲಿಯವರೆಗೆ ಗಟ್ಟಿ ಪದಾರ್ಥ ಮುಟ್ಟಬಾರದು ಎಂದರು. ಶೈಲಾಳ ತಾಯಿ, ನನ್ನ ಸೊಸೆ ಗಿರಿಜಾ, ದೇವರ ಮಾತೆಂಬಂತೆ ಕೇಳಿಸಿಕೊಂಡಳು. ಚಕ್ಕುಲಿ ಡಬ್ಬಿ ಅಟ್ಟ ಸೇರಿತು, ಶೇಂಗಾ ನೆರೆಮನೆ ಸೇರಿತು. ಎರಡೇ ವಾರಕ್ಕೆ ಹುಡುಗಿಯ ವಸಡು ಬಾತು ಕುಂತಿತು.

"ಗಟ್ಟಿ ಏನರ ಕೊಟ್ಟೀರೇನ್ರಿ?" ಡಾಕ್ಟರು ಕೇಳಿದರು.

"ಶಿವನಾಣಿ ಇಲ್ರಿ! ಬರೇ ರೊಟ್ಟಿ," ಎಂದಳು ಗಿರಿಜಾ.

"ಬಿಸಿ ರೊಟ್ಟಿ?"

"ಅಲ್ರಿ, ಖಡಕ್ ರೊಟ್ಟಿ."

ಡಾಕ್ಟರು ಕೈಯಲ್ಲಿದ್ದ ಪುಟ್ಟ ಕನ್ನಡಿ ಕೆಳಗಿಟ್ಟರು. "ಅದಕ್ಕಿಂತ ಗಟ್ಟಿ ಏನೈತ್ರಿ ಅವ್ವಾರ?"

"ರೊಟ್ಟಿ ಗಟ್ಟಿ ಪದಾರ್ಥ ಹೆಂಗ್ ಆಕ್ಕೈತ್ರಿ? ಅದು ಊಟ ಅಲ್ಲೇನ್ರಿ?" ಗಿರಿಜಾ ನಿಜಕ್ಕೂ ಬೆರಗಾಗಿ ಕೇಳಿದಳು. ನಾನೂ ಅವಳ ಪಕ್ಷವೇ. ನಮ್ಮ ಕಡೆ ಗಟ್ಟಿ, ಮೆತ್ತಗೆ ಎಂಬುದೆಲ್ಲ ಬೇರೆ ತಿನಿಸುಗಳ ಮಾತು, ರೊಟ್ಟಿಯ ಲೆಕ್ಕವೇ ಬೇರೆ. ಶೈಲಾ ಮಾತ್ರ ಕಣ್ಣು ಮುಚ್ಚಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಸ್ಕ್ರೂ ಅಲ್ಲಾಡಿದ್ದರೆ ಎರಡು ವರ್ಷದ ದುಡಿಮೆ ಹೋದಂತೆ. ಎಕ್ಸ್-ರೇ ಬಂತು. ಅಲ್ಲಾಡಿರಲಿಲ್ಲ. ಅಂದಿನಿಂದ ಮೂರು ತಿಂಗಳು ಮನೆಯಲ್ಲಿ ಅನ್ನ, ಸಾರು, ಗಂಜಿ. ನಾನೂ ಅವಳೊಂದಿಗೆ ಅದನ್ನೇ ಉಂಡೆ. ಇಂಥ ತ್ಯಾಗ ಮಾಡಿದ ಅಜ್ಜನನ್ನು ಗದಗ ಜಿಲ್ಲೆಯಲ್ಲಿ ಇನ್ನೊಬ್ಬನನ್ನು ತೋರಿಸಿ.

ಹಲ್ಲು ಬಂದವು. ಶೈಲಾ ಮತ್ತೆ ಗಿರಾಕಿಗಳ ಮುಂದೆ ನಿಂತಳು. ಅದೇ ತಿಂಗಳು ಲಕ್ಷ್ಮೇಶ್ವರದಿಂದ ಕನ್ಯಾ ನೋಡಲು ಬರುವವರಿದ್ದರು. ಗಿರಿಜಾ ಮುಂಜಾನೆಯೇ ಅಪ್ಪಣೆ ಕೊಡಿಸಿದಳು: "ಹಲ್ಲಿನ ಸುದ್ದಿ ಯಾರೂ ಎತ್ತಬಾರ್ದು. ಮಾಂವಾರ, ನೀವಂತೂ ಬಾಯಿನ ತೆಗೀಬ್ಯಾಡ್ರಿ."

"ನಾನೇನು ಕದ್ದು ತಂದೀನೇನಬೇ?" ಎಂದಳು ಶೈಲಾ.

"ಲಗ್ನ ಆಗೂಮಟ ಸುಮ್ನಿರು."

ಬಂದರು, ಕುಳಿತರು, ಶಿರಾ ತಿಂದರು. ಹುಡುಗನ ತಾಯಿ ಶೈಲಾಳ ಮುಖವನ್ನೇ ನೋಡುತ್ತಾ, "ಹಲ್ಲು ಭಾಳ ಚಂದ ಅದಾವು. ಹಾಕಿಸಿದ್ದು ಅಂತ ಖಬರ ಬಂದಿತ್ತು. ಖರೆ ಏನ್ರಿ? ಸ್ವಂತದ್ದಲ್ಲಾ?" ಎಂದರು. ಶೈಲಾಳ ಕೈ ಓಢಣಿಯ ತುದಿಗೆ ಹೋಯಿತು. ಎರಡು ವರ್ಷದ ಹಳೆಯ ಚಾಳಿ.

ಆಗ ನಾನು ಎದ್ದು ನಿಂತೆ. "ಯಾಕವ್ವಾ, ಸ್ವಂತದ್ದ ಐತಿ. ನಿಮ್ಮ ಹಲ್ಲು ನಿಮಗ ಪುಕ್ಕಟ ಬಂದಾವು. ಈ ಎರಡು ಹಲ್ಲು ದುಡದು ತಂದದ್ದು. ಈಗ ಹೇಳ್ರಿ, ಯಾರದು ಹೆಚ್ಚು ಸ್ವಂತ?"

ಬಂದಾಗಿನಿಂದ ಮೀಸೆಯ ಮೇಲೆ ಕೈಯಿಟ್ಟೇ ಮಾತಾಡುತ್ತಿದ್ದ ಹುಡುಗನ ತಂದೆ ಮೆಲ್ಲಗೆ ಕೈ ತೆಗೆದರು. ಒಳಗೆ ಮೇಲಿನ ಸಾಲೇ ಇರಲಿಲ್ಲ. "ಯಾವ ಡಾಕ್ಟರ್ರಿ ಅವರು?" ಎಂದರು.

ಲಕ್ಷ್ಮೇಶ್ವರದಿಂದ ಮರುದಿನವೇ ಒಪ್ಪಿಗೆ ಬಂತು. ಶೈಲಾ ಇನ್ನೂ ಒಪ್ಪಿಲ್ಲ. "ಆ ಹುಡುಗ ಒಂದ ಸಲಾನೂ ನಗಲಿಲ್ಲಜ್ಜಾ. ಅಂವನ ಹಲ್ಲು ನೋಡದ ನಾನ್ ಹೆಂಗ ಹೂಂ ಅನ್ನಲಿ?" ಎನ್ನುತ್ತಾಳೆ. ಬರುವ ಭಾನುವಾರ ಅವನು ಮತ್ತೆ ಬರುತ್ತಾನಂತೆ, ನಕ್ಕು ತೋರಿಸಲು.

ಇದರಲ್ಲಿ ಒಂದೇ ಒಂದು ಸುಳ್ಳು ಬೆರೆಸಿದ್ದೇನೆ. ಬಸ್ಸಿನದೆಂದುಕೊಂಡಿರಾ? ಅಲ್ಲ, ಅದು ಖರೆ. ಅವತ್ತು ಎದ್ದು ನಿಂತು ಆ ಮಾತು ಹೇಳಿದವನು ನಾನಲ್ಲ. ಓಢಣಿಯ ತುದಿ ಕೈಬಿಟ್ಟು ಎದ್ದವಳು ಶೈಲಾ, ಹೇಳಿದವಳೂ ಅವಳೇ, ಎಲ್ಲರಿಗೂ ಆ ಎರಡು ಹಲ್ಲು ಕಾಣುವ ಹಾಗೆ. ನಾನು ಹೇಳಬೇಕೆಂದು ಬಾಯಿ ತೆರೆದದ್ದೇನೋ ನಿಜ. ಬಾಯಿ ತುಂಬ ಶಿರಾ ಇತ್ತು.