ಪೀಪಿಯಣ್ಣ ಓದಿದ ಚೀಟಿ

ದಂಡದ ಚೀಟಿಯೊಂದು ಬರೆಸಿಕೊಂಡವರ ಕೈಯಿಂದ ಠಾಣೆಗೆ ವಾಪಸು ಬಂದದ್ದು ಅದೇ ಮೊದಲು. ಸುಮ್ಮನೆ ಬರಲಿಲ್ಲ, ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಬಂತು. ನಾಲ್ಕು ಕಡೆ ಅಡ್ಡಗೆರೆ, ಅಂಚಿನಲ್ಲಿ ಟಿಪ್ಪಣಿ, ಕೊನೆಗೊಂದು ಸುತ್ತು ಹಾಕಿ ಅದರೊಳಗೆ ಅಂಕ: ಹತ್ತಕ್ಕೆ ಎರಡು. ಕಳಿಸಿದವರು ಒಬ್ಬ ನಿವೃತ್ತ ಹೆಡ್‌ಮಿಸ್ಸು. ಅವರ ಸ್ಕೂಟರ್ ನೀಲಿ, ಚೀಟಿಯಲ್ಲಿ ಕೆಂಪು. ನಂಬರಿನಲ್ಲಿ ಮೂರು ಇರಬೇಕಾದ ಕಡೆ ಎಂಟು. ಗಂಡಸು, ಹೆಂಗಸು ಎಂಬ ಎರಡು ಚೌಕಗಳಲ್ಲಿ ಗಂಡಸಿನ ಮೇಲೆ ಗುರುತು. ತಾರೀಖು ಹೋಗಿ ವಿಳಾಸದ ಜಾಗದಲ್ಲಿ ಕೂತಿತ್ತು. “ಇಷ್ಟೊಂದು ತಪ್ಪಿರುವ ಚೀಟಿ ಚೀಟಿಯೇ ಅಲ್ಲ. ಗುರುವಾರ ನ್ಯಾಯಾಲಯದಲ್ಲಿ ಸಿಗುತ್ತೇನೆ” ಎಂದು ಕೆಳಗೆ ಬರೆದಿದ್ದರು. ಆ ಎರಡು ಅಂಕವೂ ಅಕ್ಷರ ದುಂಡಗಿದ್ದುದಕ್ಕೆ ಕೊಟ್ಟದ್ದು.

ಅಕ್ಷರ ದುಂಡಗಿರದೆ ಏನು? ಚೀಟಿ ಬರೆದ ಟ್ರಾಫಿಕ್ ಪೇದೆ ಪೀಪಿಯಣ್ಣ ಮೂವತ್ತನಾಲ್ಕು ವರ್ಷದಿಂದ ಒಂದೇ ಕೂಡುರಸ್ತೆಯಲ್ಲಿ ನಿಂತು ಪೀಪಿ ಊದಿ ಚೀಟಿ ಬರೆದವನು. ಅವನ ಕೈಗೆ ಕಣ್ಣಿನ ಹಂಗಿರಲಿಲ್ಲ. ಇರದಿದ್ದದ್ದು ಒಳ್ಳೆಯದೇ ಆಯಿತು, ಏಕೆಂದರೆ ಒಂದೂವರೆ ವರ್ಷದಿಂದ ಅವನ ಕಣ್ಣು ಹೋಗುತ್ತಿತ್ತು.

ಬೇರೆ ಊರಿನ ವೈದ್ಯರ ಹತ್ತಿರ ಗುಟ್ಟಾಗಿ ತೋರಿಸಿ ಬಂದಿದ್ದ. ನರ ಒಣಗುತ್ತಿದೆ, ಆಪರೇಷನ್ನಿಗೆ ದಕ್ಕುವಂಥದ್ದಲ್ಲ, ಇದ್ದಷ್ಟು ದಿನ ಇರುತ್ತದೆ ಎಂದಿದ್ದರು. ವಿಷಯ ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಅಷ್ಟರೊಳಗೆ ಯಾರಿಗಾದರೂ ತಿಳಿದರೆ ‘ಅನರ್ಹ’ ಎಂದು ಬರೆದು ಮನೆಗೆ ಕಳಿಸುತ್ತಾರೆ. ಮನೆಗೆ ಎನ್ನುವುದೂ ತಪ್ಪು, ಮನೆಯೂ ಇಲಾಖೆಯದೇ. ಕೊನೆಯ ದಿನ ತಾನೇ ಟೋಪಿ ತೆಗೆದು ಮೇಜಿನ ಮೇಲಿಟ್ಟು ಸಲ್ಯೂಟ್ ಹೊಡೆದು ಬರಬೇಕು ಎಂಬುದೊಂದೇ ಅವನ ಆಸೆ. ಯಾರೋ ಕೈಹಿಡಿದು ಹೊರಗೆ ಬಿಟ್ಟರು ಎನ್ನಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಅದಕ್ಕಾಗಿ ಒಂದು ಉಪಾಯವನ್ನೂ ಕಂಡುಕೊಂಡಿದ್ದ. ಗಾಡಿ ನಿಲ್ಲಿಸಿ, “ನಿಮ್ಮ ಗಾಡಿ ನಂಬರ್ ನಿಮಗೇ ಗೊತ್ತಿದೆಯಾ? ನೋಡದೆ ಹೇಳಿ” ಎನ್ನುತ್ತಿದ್ದ. ಅವರು ಹೇಳಿದ್ದನ್ನು ಬರೆಯುತ್ತಿದ್ದ. ಸುಳ್ಳು ಹೇಳಿದವರು ಬಚಾವಾಗುತ್ತಿದ್ದರು, ಸತ್ಯವಂತರು ದಂಡ ತೆರುತ್ತಿದ್ದರು. ಹೆಡ್‌ಮಿಸ್ಸಿನ ಎದುರು ಮಾತ್ರ ಈ ಉಪಾಯ ನಡೆಯಲಿಲ್ಲ. “ನಂಬರ್ ಹೇಳೋದು ನನ್ನ ಕೆಲಸ ಅಲ್ಲ, ಓದೋದು ನಿಮ್ಮ ಕೆಲಸ” ಎಂದುಬಿಟ್ಟಿದ್ದರು. ತಲೆಗೆ ಹೆಲ್ಮೆಟ್ಟು, ಮೈಮೇಲೆ ಉದ್ದನೆ ಕೋಟು, ಗಡಸು ದನಿ. ಪೀಪಿಯಣ್ಣ ಕಂಡಷ್ಟನ್ನು ಬರೆದ. ಅವನಿಗೆ ಕಂಡದ್ದು ಅಷ್ಟೇ.

ಕೆಂಪು ಶಾಯಿಯ ಚೀಟಿ ನೋಡಿ ಇನ್ಸ್‌ಪೆಕ್ಟರು ಕೆಂಡವಾದರು. ಆ ತಿಂಗಳು ಠಾಣೆಯ ಹನ್ನೊಂದು ಚೀಟಿ ಇಂಥ ತಪ್ಪುಗಳಿಂದಲೇ ನ್ಯಾಯಾಲಯದಲ್ಲಿ ಬಿದ್ದುಹೋಗಿದ್ದವು. “ಇದೂ ಬಿದ್ರೆ, ಬರೆದವರ ಕೈ, ಕಣ್ಣು ಎರಡನ್ನೂ ಡಾಕ್ಟರ ಹತ್ರ ಪರೀಕ್ಷೆ ಮಾಡಿಸ್ತೀನಿ” ಎಂದರು. ಸಿಟ್ಟಿನಲ್ಲಿ ಆಡಿದ ಮಾತು. ಉಳಿದವರು ಒಳಗೊಳಗೇ ನಕ್ಕರು, ಪೀಪಿಯಣ್ಣ ಮಾತ್ರ ಅದನ್ನು ನಿಜವೆಂದೇ ತೆಗೆದುಕೊಂಡ.

ಗುರುವಾರ ಬೆಳಗ್ಗೆ ಅಡುಗೆಮನೆಯ ಹೊಸಲಿನ ಮೇಲೆ ಪಾಠ ನಡೆಯಿತು. ಚೀಟಿಯ ಠಾಣೆ ಪ್ರತಿಯನ್ನು ಹೆಂಡತಿ ಹಿಂದಿನ ದಿನ ಊಟಕ್ಕೆ ಬಂದಾಗಲೇ ಅವನ ಕೈಯಿಂದ ಇಸಿದುಕೊಂಡು ನಕಲು ಮಾಡಿಟ್ಟು, ಪ್ರತಿಯನ್ನು ಅವನ ಕೈಯಲ್ಲೇ ಠಾಣೆಗೆ ವಾಪಸು ಕಳಿಸಿದ್ದಳು. ಅವಳು ಓದುವುದು, ಅವನು ಒಪ್ಪಿಸುವುದು.

“ಕೆಂಪು ಬಣ್ಣದ ಸ್ಕೂಟರ್ ಅಂದ ಮೇಲೆ ಉಸಿರು ತಗೊಳ್ಳಿ. ಕನ್ನಡಕ ಒಂಚೂರು ಮೇಲಕ್ಕೆ ತಳ್ಳಿ. ಓದೋರು ಹಾಗೇ ಮಾಡೋದು.”

“ತಪ್ಪನ್ನೇ ಬಾಯಿಪಾಠ ಮಾಡ್ತಿದೀನಲ್ಲೇ?”

“ನೀವು ಬರೆದಿದ್ದನ್ನ ನೀವು ಓದ್ತೀರಿ ಅನ್ನೋದು ಗೊತ್ತಾದ್ರೆ ಸಾಕು. ಬಣ್ಣ ಎಲ್ಲರಿಗೂ ತಪ್ಪುತ್ತೆ. ಕಣ್ಣಿದ್ದೋರಿಗೂ.”

ಅಂದ ಮೇಲೆ ಅವಳಿಗೆ ಹಾಗೆ ಅನ್ನಬಾರದಿತ್ತು ಎನ್ನಿಸಿತು. ಅವನ ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಮುಟ್ಟಿ ನೋಡಿ, ಎಲ್ಲ ಸರಿಯಾದ ತೂತಿನಲ್ಲಿವೆ ಎಂದಳು.

ಠಾಣೆಯಲ್ಲಿ ಕಡತ ನೋಡಿಕೊಳ್ಳುತ್ತಿದ್ದವರು ರೈಟರು. ಅವರು ಬರೆದದ್ದರಲ್ಲಿ ಇವತ್ತಿನವರೆಗೆ ಒಂದು ಚುಕ್ಕೆಯೂ ಜಾಗ ತಪ್ಪಿದ್ದಿಲ್ಲ. ಕೇಳದಿದ್ದರೂ ಸಹಾಯ ಮಾಡುವ ಜಾತಿ. ಠಾಣೆಯ ಮಾನ ಹೋಗಬಾರದೆಂದು ಅವರು ಬೆಳಗ್ಗೆಯೇ ಬಂದು, ಹಳೆಯ ಪ್ರತಿಯನ್ನು ಹರಿದುಹಾಕಿ, ನೀಲಿ ಸ್ಕೂಟರ್, ಹೆಂಗಸು, ಸರಿಯಾದ ನಂಬರ್, ಸರಿಯಾದ ತಾರೀಖು ಎಲ್ಲ ತುಂಬಿ ಹೊಸದೊಂದನ್ನು ಬರೆದು ಕಡತದಲ್ಲಿಟ್ಟಿದ್ದರು. “ಪೀಪಿಯಣ್ಣ, ಎಲ್ಲಾ ಸರಿ ಮಾಡಿ ಇಟ್ಟಿದೀನಿ. ಇದ್ದದ್ದು ಇದ್ದಹಾಗೆ ಓದಿಬಿಡಿ” ಎಂದು ಕಡತ ಕೊಟ್ಟರು. ಕಾಗದ ಜೋಡಿಸಿಟ್ಟಿದ್ದಾರೆ ಎಂದುಕೊಂಡ ಪೀಪಿಯಣ್ಣ ಉಪಕಾರವಾಯಿತು ಎಂದ.

ನ್ಯಾಯಾಲಯದ ಕೋಣೆ ಚಿಕ್ಕದು. ಎರಡು ಬೆಂಚು, ತಿರುಗುತ್ತ ಕಟಕಟ ಎನ್ನುವ ಫ್ಯಾನು. ಹೆಡ್‌ಮಿಸ್ಸು ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹಂಚಲು ಬಂದವರಂತೆ ನಿಂತಿದ್ದರು. ಪೀಪಿಯಣ್ಣನನ್ನು ಅವರ ಪಕ್ಕದಲ್ಲೇ ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು, ಅವರ ಪಕ್ಕ ರೈಟರು.

ನ್ಯಾಯಾಧೀಶರು ತಮ್ಮ ಮುಂದಿದ್ದ ತಿದ್ದಿದ ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. “ಈ ಕೆಂಪು ಶಾಯಿಯ ಕೆಳಗೆ ನನಗೇನೂ ಕಾಣ್ತಿಲ್ಲ. ನಿಮ್ಮ ಪ್ರತಿ ಇದೆಯಲ್ಲ, ಜೋರಾಗಿ ಓದಿ.”

ಪೀಪಿಯಣ್ಣ ಕಡತ ಬಿಚ್ಚಿದ. ಗಂಟಲು ಸರಿಮಾಡಿಕೊಂಡ. ನಂಬರ್ ಹೇಳಿದ, ಎಂಟರ ಸಮೇತ. ಕೆಂಪು ಬಣ್ಣದ ಸ್ಕೂಟರ್ ಎಂದ, ಉಸಿರು ತೆಗೆದುಕೊಂಡ, ಕನ್ನಡಕ ಮೇಲಕ್ಕೆ ತಳ್ಳಿದ. ಸವಾರರು ಗಂಡಸು ಎಂದ. ಎಲ್ಲೂ ತಡವರಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ರೈಟರಿಗೆ ಬೆವರು ಕಿತ್ತುಕೊಂಡು ಬಂತು.

ಪಕ್ಕದಲ್ಲಿದ್ದ ಹೆಡ್‌ಮಿಸ್ಸು ಅಭ್ಯಾಸಬಲದಿಂದ ಅವನ ಕೈಯಲ್ಲಿದ್ದ ಕಾಗದದ ಮೇಲೆ ಕಣ್ಣಾಡಿಸುತ್ತಿದ್ದರು. ಕಾಗದದಲ್ಲಿ ನೀಲಿ ಎಂದಿತ್ತು, ಈ ಮನುಷ್ಯ ಕೆಂಪು ಎನ್ನುತ್ತಿದ್ದ. ಕಾಗದದಲ್ಲಿ ಮೂರು, ಇವನ ಬಾಯಲ್ಲಿ ಎಂಟು. ಪುಸ್ತಕ ಎದುರಿಗಿಟ್ಟುಕೊಂಡು ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ಅವರು ನಲವತ್ತು ವರ್ಷ ನೋಡಿದ್ದರು. ಈಗ ಮೊದಲ ಸಲ ಅವನ ಕಣ್ಣನ್ನು ನೋಡಿದರು. ಕಣ್ಣು ಕಾಗದದ ಮೇಲಿರಲಿಲ್ಲ, ಅದರಾಚೆ ಎಲ್ಲೋ ಇತ್ತು.

“ನಂಬರೇ ತಪ್ಪಾದ ಮೇಲೆ ಈ ಚೀಟಿ ನಿಲ್ಲೋದಿಲ್ಲ” ಎಂದರು ನ್ಯಾಯಾಧೀಶರು. “ನಿಮ್ಮ ಆಕ್ಷೇಪಣೆ ಒಪ್ಪಿ ವಜಾ ಮಾಡ್ತೀನಿ. ಏನಾದ್ರೂ ಹೇಳೋದಿದೆಯಾ?”

ಹೆಡ್‌ಮಿಸ್ಸು ನ್ಯಾಯಾಧೀಶರ ಕಡೆ ತಿರುಗಿದರು.

“ಇದೆ. ಕೆಂಪು ದೀಪ ಇದ್ದಾಗ ದಾಟಿದ್ದು ನಾನೇ. ಅದರಲ್ಲಿ ಇವರು ಏನೂ ತಪ್ಪು ಬರೆದಿಲ್ಲ. ತಿದ್ದೋದು ನನ್ನ ಹಳೇ ಚಟ, ಕೈ ಸುಮ್ಮನಿರೋದಿಲ್ಲ. ಆಕ್ಷೇಪಣೆ ವಾಪಸ್ ತಗೋತೀನಿ.”

“ಚೀಟಿಯಲ್ಲಿರೋ ತಪ್ಪುಗಳು?”

“ಅವು ದೊಡ್ಡ ತಪ್ಪುಗಳಲ್ಲ.”

ತಪ್ಪು ಒಪ್ಪಿಕೊಂಡ ಮೇಲೆ ಕಾಗದದ ತಪ್ಪಿಗೆ ಬೆಲೆಯಿಲ್ಲ ಎಂದು ನ್ಯಾಯಾಧೀಶರು ಬರೆದುಕೊಂಡರು. ಚೀಟಿ ನಿಂತಿತು.

ಹೊರಗೆ ಪಡಸಾಲೆಯಲ್ಲಿ ಹೆಡ್‌ಮಿಸ್ಸು ಅವನ ಜೊತೆಗೇ ಹೆಜ್ಜೆ ಹಾಕಿದರು. “ಮುಂದೆ ಮೂರು ಮೆಟ್ಟಿಲಿದೆ” ಎಂದರು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಪೀಪಿಯಣ್ಣ ನಿಂತುಬಿಟ್ಟ.

“ಇನ್ನೆಷ್ಟು ದಿನ ಸರ್ವೀಸಿದೆ?”

“ಎಂಟು ತಿಂಗಳು, ಮಿಸ್.”

ಅವರು ಮತ್ತೇನೂ ಕೇಳಲಿಲ್ಲ. ಮೂರು ಮೆಟ್ಟಿಲು ಇಳಿಯುವ ತನಕ ಪಕ್ಕದಲ್ಲಿದ್ದು, ಆಮೇಲೆ ನೇರವಾಗಿ ಇನ್ಸ್‌ಪೆಕ್ಟರ ಹತ್ತಿರ ಹೋದರು. ಅವರು ಹೇಳಿದ್ದು ಪೀಪಿಯಣ್ಣನಿಗೂ ಕೇಳಿಸಿತು. “ಇಷ್ಟು ಶ್ರದ್ಧೆಯ ಮನುಷ್ಯನ್ನ ಬಿಸಿಲಲ್ಲಿ, ಗಾಡಿಗಳ ಮಧ್ಯೆ ಯಾಕೆ ನಿಲ್ಲಿಸಿದೀರಿ? ಒಳಗೆ, ನೆರಳಲ್ಲಿ ಕೂರಿಸಿ. ಇವತ್ತೇ ಮಾಡಿ.” ಇನ್ಸ್‌ಪೆಕ್ಟರು ಮೂರನೇ ತರಗತಿ ಹುಡುಗನಂತೆ ಆಗಲಿ ಮಿಸ್ ಎಂದರು. ಪೀಪಿಯಣ್ಣನ ಕಣ್ಣು ತುಂಬಿತು. ನೋಡುವ ಕೆಲಸ ಬಿಟ್ಟರೂ ಆ ಕಣ್ಣು ಅಳುವುದನ್ನು ಮರೆತಿರಲಿಲ್ಲ.

ದಾರಿಯಲ್ಲಿ ರೈಟರು ಇನ್ಸ್‌ಪೆಕ್ಟರ ಎದುರು ತಪ್ಪೊಪ್ಪಿಕೊಂಡರು. “ಸರ್, ನಾನು ಠಾಣೆ ಮಾನ ಉಳಿಸೋಕೆ ಪ್ರತಿ ತಿದ್ದಿಟ್ಟಿದ್ದೆ. ಆದ್ರೆ ಈ ಪುಣ್ಯಾತ್ಮ ಎದುರಿಗಿರೋ ಸುಳ್ಳು ಬಿಟ್ಟು, ತಾನು ಬರೆದಿದ್ದ ತಪ್ಪನ್ನೇ ಧೈರ್ಯವಾಗಿ ಓದಿದ್ರು. ನನಗೆ ನಾಚಿಕೆ ಆಯ್ತು.” ಇನ್ಸ್‌ಪೆಕ್ಟರು ರೈಟರನ್ನು ಚೆನ್ನಾಗಿ ಬೈದರು. ಆಮೇಲೆ, ತನ್ನ ತಪ್ಪನ್ನೇ ಮುಚ್ಚಿಡದವನು ಬೇರೆಯವರ ತಪ್ಪನ್ನೂ ಬಿಡುವುದಿಲ್ಲ ಎಂದುಕೊಂಡರು.

ಮಧ್ಯಾಹ್ನ ಅವರು ಪೀಪಿಯಣ್ಣನನ್ನು ಕರೆಸಿ, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಕೂತ್ಕೊಳ್ಳಿ ಎಂದರು. ಅವನು ಕುರ್ಚಿ ಎಲ್ಲಿದೆ ಎಂದು ಕೈಯಲ್ಲಿ ತಡಕಿದ್ದನ್ನು ಅವರು ವಿನಯ ಎಂದುಕೊಂಡರು. ರೈಟರು ಬರೆದ ಒಂದು ಕಾಗದವನ್ನು ಮುಂದಿಟ್ಟರು.

“ನಾಳೆಯಿಂದ ನಿಮಗೆ ಒಳಗೆ ಕೆಲಸ. ಪೂರ್ತಿ ಓದಿ, ಒಪ್ಪಿಗೆ ಆದ್ರೆ ಸಹಿ ಹಾಕಿ. ಒತ್ತಾಯ ಇಲ್ಲ.”

ಪೀಪಿಯಣ್ಣ ಕಾಗದವನ್ನು ಹೆಂಡತಿ ಹೇಳಿಕೊಟ್ಟ ದೂರದಲ್ಲಿ ಹಿಡಿದ. ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿದ. ನಡುವೆ ಒಮ್ಮೆ ಕನ್ನಡಕ ಮೇಲಕ್ಕೆ ತಳ್ಳಿದ.

“ಎಲ್ಲಾ ಷರತ್ತೂ ಒಪ್ಪಿಗೆಯಾ? ನಾಳೆ ಬೆಳಗ್ಗೆಯದೂ?”

“ಒಪ್ಪಿಗೆ ಸರ್. ತುಂಬಾ ಉಪಕಾರ ಆಯ್ತು.”

ಇನ್ಸ್‌ಪೆಕ್ಟರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಒಂದು ಪ್ರತಿಯನ್ನು ಅವನಿಗೇ ಕೊಟ್ಟರು.

ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ಎಲ್ಲ ಹೇಳಿದ. ನೆರಳು, ಕುರ್ಚಿ, ಎಂಟು ತಿಂಗಳು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆಮೇಲೆ ಕಿಟಕಿಯ ಹತ್ತಿರ ನಿಂತು ಕಾಗದ ಓದಲು ಶುರುಮಾಡಿದಳು. ಎರಡು ಸಾಲು ಜೋರಾಗಿ ಓದಿದಳು, ಮೂರನೆಯದಕ್ಕೆ ದನಿ ಇಳಿಯಿತು.

“ಜೋರಾಗಿ ಓದೇ.”

“ಇನ್ನು ಮುಂದೆ ಊರಿನ ಆರೂ ಠಾಣೆಗಳ ಎಲ್ಲ ದಂಡದ ಚೀಟಿಗಳನ್ನು ನ್ಯಾಯಾಲಯಕ್ಕೆ ಹೋಗುವ ಮೊದಲು ಅಕ್ಷರ ಬಿಡದೆ ಓದಿ ತಪ್ಪು ಹುಡುಕುವ ಕೆಲಸಕ್ಕೆ ನನ್ನನ್ನು ಹಾಕಿರುವುದು ಸರಿಯಷ್ಟೆ. ಈ ಕೆಲಸಕ್ಕೆ ತೀಕ್ಷ್ಣ ದೃಷ್ಟಿ ಅಗತ್ಯವಾದ್ದರಿಂದ, ನಾಳೆ ಬೆಳಗ್ಗೆ ಒಂಬತ್ತಕ್ಕೆ ಇಲಾಖೆಯ ವೈದ್ಯರ ಬಳಿ ಕಣ್ಣಿನ ಪರೀಕ್ಷೆಗೆ ಹಾಜರಾಗಲು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ.”

ಪೀಪಿಯಣ್ಣ ಹೊಸಲಿನ ಮೇಲೆ ಕೂತ. ಬೆಳಗ್ಗೆ ಪಾಠ ಒಪ್ಪಿಸಿದ್ದು ಅಲ್ಲೇ. ಹೊರಗೆ ಅಕ್ಕಪಕ್ಕದ ಮನೆಯವರು ಅವನಿಗೆ ಬಡ್ತಿ ಸಿಕ್ಕಿತೆಂದು ಮಾತಾಡಿಕೊಳ್ಳುತ್ತಿದ್ದರು.

“ಅದರಲ್ಲಿ ಏನಾದ್ರೂ ತಪ್ಪಿದೆಯಾ ನೋಡು” ಎಂದ. “ಚೀಟಿ ಬೀಳೋ ಹಾಗೆ ಕಾಗದವೂ ಬೀಳಬಹುದು. ನನ್ನ ನಂಬರ್?”

ಹೆಂಡತಿ ಬೆರಳಿಟ್ಟು ನೋಡಿದಳು. “ಸರಿಯಾಗಿದೆ.”

“ತಾರೀಖು?”

“ಸರಿಯಾಗಿದೆ.”

“ಗಂಡಸು ಅಂತಲೇ ಇದೆಯಾ?”

“ಗಂಡಸು ಅಂತಲೇ ಇದೆ.”

“ಸಹಿ? ನಾನು ಕಂಡ್ಕೊಂಡು ಹಾಕಿದ್ದಲ್ಲ. ಎಲ್ಲಾದ್ರೂ ಪಕ್ಕಕ್ಕೆ ಬಿದ್ದಿರಬೇಕು, ನೋಡು.”

ಅವಳು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇಲ್ಲ ಕಣ್ರೀ” ಎಂದಳು. “ಗೆರೆ ಮೇಲೇ ಇದೆ. ಎಷ್ಟು ದುಂಡಗೆ ಹಾಕಿದೀರಿ.”