ಇಲ್ಲದ ವಾಸನೆ

ಆ ಬೆಳಿಗ್ಗೆ ಗಾಜಿನ ಬಾಟಲಿ ಒಲೆಯ ಮೇಲೆ ಒಂದು ನಿಮಿಷ ಹೆಚ್ಚು ಕೂತದ್ದೇ ಎಲ್ಲಕ್ಕೂ ಮೂಲ.

ಊರಿಗೆ ನೀರು ಬಿಡುವ ಕೇಂದ್ರದಲ್ಲಿ ಮೂಗುರಾಯರ ಕೆಲಸ ನೀರು ಮೂಸುವುದು. ದಿನಾ ಏಳು ಗಂಟೆಗೆ ಬಾಟಲಿಗೆ ನೀರು ತುಂಬಿ, ಮುಚ್ಚಳ ಹಾಕಿ, ಬಿಸಿಮಾಡಿ, ಕುಲುಕಿ, ಮುಚ್ಚಳ ತೆಗೆದ ಕೂಡಲೇ ಮೂಗಿಟ್ಟು, ಪುಸ್ತಕದಲ್ಲಿ ‘ವಾಸನೆ ಇಲ್ಲ’ ಎಂದು ಬರೆಯಬೇಕು. ಇಪ್ಪತ್ತೆಂಟು ವರ್ಷ ಹೀಗೆ ಮೂಸಿ ಮೂಸಿ ಅವರ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಮೂರು ತಿಂಗಳ ಹಿಂದೆ ಊರಿಗೆಲ್ಲ ಬಂದ ಜ್ವರ ಅವರಿಗೂ ಬಂದಿತ್ತು. ಹೋಗುವಾಗ ಅದು ಬರಿಗೈಲಿ ಹೋಗಲಿಲ್ಲ. ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಮುಖದ ನಡುವೆ ಉಳಿದದ್ದು ಕನ್ನಡಕ ಇಡುವ ಗೂಟ ಅಷ್ಟೆ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಗೊತ್ತಾದರೆ ಕೆಲಸವೂ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ಅದಕ್ಕೇ ಅವರು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ.

ಉಪಾಯವನ್ನೂ ಕಂಡುಕೊಂಡಿದ್ದರು. ತಾವು ಮೂಸಿದ ಮೇಲೆ ಬಾಟಲಿಯನ್ನು ಪಂಪ್ ಆಪರೇಟರನ ಮೂಗಿಗೆ ಹಿಡಿದು, “ನೀನೂ ಒಂದ್ಸಲ ನೋಡಪ್ಪಾ, ಕಲ್ತ ಹಾಗಾಗುತ್ತೆ” ಅನ್ನುವುದು. ಅವನ ಮುಖ ಸಮವಾಗಿದ್ದರೆ ‘ವಾಸನೆ ಇಲ್ಲ.’ ಮೊದಮೊದಲು ಎರಡೆರಡು ಸಲ ಅವನಿಂದ ಮೂಸಿಸುತ್ತಿದ್ದರು. ಬರುಬರುತ್ತಾ ಧೈರ್ಯ ಬಂತು. ನನ್ನ ಮೂಗಿಗೆ ಬಾರದ್ದು ಲೋಕದಲ್ಲಿ ಇದೆ ಅಂತ ನಾನ್ಯಾಕೆ ನಂಬಬೇಕು ಎಂದುಕೊಂಡು ನೆಮ್ಮದಿಯಾಗಿ ಸಹಿ ಹಾಕತೊಡಗಿದರು.

ಆ ದಿನ ಕಾದ ಬಾಟಲಿ ಬೆರಳು ಸುಟ್ಟಿತು. ರಾಯರು ಹಲ್ಲು ಕಚ್ಚಿಕೊಂಡು ಬಾಟಲಿಯನ್ನು ಆಪರೇಟರನ ಮುಂದೆ ಹಿಡಿದರು. ಅವನು ಮೂಗಿಟ್ಟವನೇ ಬೇವು ಅಗಿದವನ ಹಾಗೆ ಮುಖ ಕಿವುಚಿದ.

ರಾಯರು ಬಾಟಲಿ ಹಿಂದಕ್ಕೆಳೆದುಕೊಂಡರು. “ಇದೆ ಅಲ್ವಾ?” ಅಂದರು.

“ಇದೆ ರಾಯ್ರೇ. ಜೋರಾಗೇ ಇದೆ.”

‘ದುರ್ವಾಸನೆ’ ಎಂದು ಬರೆದರು. ನೀರು ನಿಂತಿತು. ಬಳಸಬೇಡಿ ಎಂಬ ಸುದ್ದಿ ಬೀದಿಬೀದಿಗೆ ಹೋಯಿತು. ಒಂಬತ್ತಕ್ಕೆಲ್ಲ ಕೇಂದ್ರದ ಗೇಟಿನ ಮುಂದೆ ಹಿಡಿದಿಟ್ಟ ನೀರಿನ ಕೊಡ ಹೊತ್ತ ಜನ ಜಮಾಯಿಸಿದರು.

“ಥೂ, ಸತ್ತ ನಾಯಿ ತೊಳೆದ ನೀರು!” ಎಂದಳು ಒಬ್ಬಳು.

“ನಾಯಿ ಅಲ್ಲಮ್ಮಾ, ಇದು ಸೀಮೆಎಣ್ಣೆ. ನಾನು ನಿನ್ನೇನೇ ಹೇಳಿದ್ದೆ,” ಎಂದ ಮುದುಕ.

ರಾಯರ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ನೀರು ಗಬ್ಬು ನಾರ್ತಿದೆ!”

“ನಿಂಗೆ ನಿಜವಾಗ್ಲೂ ಬರ್ತಿದೆಯೇನೇ?”

“ನನ್ನ ಮೂಗೇನು ನಿಮ್ಮದರ ಹಾಗೆ ಸತ್ತಿದೆಯಾ?”

“ಯಾವಾಗಿಂದ?”

“ಪಕ್ಕದ ಮನೆಯವಳು ಬಂದು ಹೇಳ್ದಾಗಿನಿಂದ.”

ಮಧ್ಯಾಹ್ನದ ಹೊತ್ತಿಗೆ ಊರಿನ ನೀರು, ಚರಂಡಿ ಎರಡನ್ನೂ ನೋಡಿಕೊಳ್ಳುವ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆಯೇ ಲ್ಯಾಬಿನ ಮೇಡಂ ಕಾಗದ ಹಿಡಿದು ಬಂದರು.

“ಮೂರು ಸಲ ಪರೀಕ್ಷೆ ಮಾಡಿದೀನಿ ಸಾರ್. ನೀರಲ್ಲಿ ಏನೂ ಇಲ್ಲ. ವಾಸನೆ ಬರೋಕೆ ಕಾರಣವೇ ಇಲ್ಲ.”

ಮುಗೀತು ಎಂದುಕೊಂಡರು ರಾಯರು. ಈಗ ಮೂಗಿನ ಪರೀಕ್ಷೆ ಶುರುವಾಗುತ್ತದೆ, ಸಂಜೆಗೆ ಪಿಂಚಣಿ ಹೊಳೆ ಪಾಲು. ಆದರೆ ಸಾಹೇಬರು ಒಂದು ಕೊಡಕ್ಕೆ ಬಗ್ಗಿ ಮೂಸಿ, ಕರ್ಚೀಫು ಮೂಗಿಗೆ ಒತ್ತಿಕೊಂಡರು.

“ಇಷ್ಟು ಜನಕ್ಕೆ ಬರ್ತಿದೆ, ನನಗೂ ಬಂತು. ನಿಮ್ಮ ಯಂತ್ರಕ್ಕೆ ಮೂಗಿದೆಯೇನಮ್ಮಾ?”

“ಜನಕ್ಕೆ ಬಂದ ಮಾತ್ರಕ್ಕೆ ಇದ್ದಂಗಾಯ್ತಾ ಸಾರ್?”

“ಯಾರಿಗೂ ಬರದಿದ್ರೆ ಇದ್ದೇನು ಪ್ರಯೋಜನ?” ಎಂದು ಸಾಹೇಬರು ರಾಯರ ಬೆನ್ನು ತಟ್ಟಿದರು. “ಯಂತ್ರಕ್ಕೆ ಸಿಗದ್ದನ್ನ ಹಿಡಿದ್ರಲ್ರೀ! ಇಂಥ ಮೂಗು ಇಲ್ಲಿ ಕೊಳೀಬಾರ್ದು. ಹತ್ತಿ ಜೀಪು. ಕೊಳಚೆ ಬಾವೀಲಿ ಪಂಪು ಕಟ್ಕೊಂಡಿದೆ. ಆಳುಗಳು ಇಳಿಯೋ ಮುಂಚೆ ಒಬ್ರು ಇಳಿದು ಮೂಸ್ಬೇಕು.”

“ಅಲ್ಲಿ... ಒಬ್ಬರು ಇದ್ದರಲ್ಲ ಸಾರ್?”

“ಇದ್ದ. ಮೊನ್ನೆ ಮಂಗಳವಾರದವರೆಗೂ ಇದ್ದ.”

ರಾಯರ ಬುದ್ಧಿ ಚುರುಕಾಗಿ ಓಡಿತು. “ನನ್ನ ಜೊತೆ ಈ ಆಪರೇಟರೂ ಬರಲಿ ಸಾರ್. ಒಳ್ಳೇ ಮೂಗು.” ಅವನು ಬಾವಿಯ ಬಾಯಲ್ಲಿ ನಿಂತರೆ ಅವನ ಮುಖ ನೋಡಿಕೊಂಡು ಜೀವ ಉಳಿಸಿಕೊಳ್ಳಬಹುದು. ಸಾಹೇಬರು ಒಪ್ಪಿದರು.

ಜೀಪಿನ ಹಿಂದಿನ ಸೀಟಿನಲ್ಲಿ ಆಪರೇಟರ್ ಮುದುಡಿ ಕೂತಿದ್ದ. ಅರ್ಧ ದಾರಿಯಲ್ಲಿ ರಾಯರ ಕಿವಿಗೆ ಬಾಯಿಟ್ಟ.

“ರಾಯ್ರೇ, ಬೈಬೇಡಿ. ಆ ಜ್ವರ ನನಗೂ ಬಂದಿತ್ತು. ನನಗೆ ಮೂರು ತಿಂಗಳಿಂದ ಯಾವ ವಾಸನೇನೂ ಗೊತ್ತಾಗಲ್ಲ.”

ರಾಯರು ಅವನ ಕಡೆ ತಿರುಗಿದರು. “ಮತ್ತೆ ಬೆಳಿಗ್ಗೆ ಮುಖ ಕಿವುಚಿದ್ಯಲ್ಲೋ?”

“ನೀವು ಕಿವುಚಿದ್ರಲ್ಲ! ದಿನಾ ನಿಮ್ಮ ಮುಖ ನೋಡೇ ತಾನೇ ನಾನು ಮುಖ ಮಾಡ್ತಿದ್ದದ್ದು?”

ರಾಯರು ತಮ್ಮ ಸುಟ್ಟ ಬೆರಳನ್ನು ನೋಡಿಕೊಂಡರು. ಅಷ್ಟರಲ್ಲಿ ಜೀಪು ನಿಂತಿತು. ನಾಲ್ವರು ಆಳುಗಳು ಕಬ್ಬಿಣದ ಮುಚ್ಚಳ ಸರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತಿದ್ದರು. ಗೋಡೆಗೆ ನೆಟ್ಟ ಕಬ್ಬಿಣದ ಮೆಟ್ಟಿಲುಗಳು ನಾಲ್ಕು ಮಾತ್ರ ಕಾಣುತ್ತಿದ್ದವು. ಒಬ್ಬ ರಾಯರ ಸೊಂಟಕ್ಕೆ ಹಗ್ಗ ಕಟ್ಟಿದ.

“ವಾಸನೆ ಬಂದ ತಕ್ಷಣ ಹತ್ತಿ ಬರಬೇಕು ತಾನೇ ಸಾರ್?” ಎಂದು ಕೇಳಿದರು ರಾಯರು. ಒಂದನೇ ಮೆಟ್ಟಿಲಲ್ಲೇ ‘ಬಂತು’ ಎಂದು ಕೂಗಿ ಹೊರಬೀಳುವುದೆಂದು ಲೆಕ್ಕ ಹಾಕಿದ್ದರು.

“ಅಯ್ಯೋ, ಕೊಳಚೇಲಿ ವಾಸನೆ ಬರ್ದೆ ಇನ್ನೇನು ಬರುತ್ರೀ? ಬರ್ತಾ ಇರೋವರೆಗೂ ಇಳೀತಾ ಹೋಗಿ. ಗಾಳಿ ತೀರಾ ವಿಷ ಆದ್ರೆ ಅದು ಮೊದಲು ಮೂಗನ್ನೇ ಸಾಯಿಸುತ್ತೆ, ವಾಸನೆ ಥಟ್ಟಂತ ನಿಂತು ಹೋಗುತ್ತೆ. ನಿಂತ ಕ್ಷಣಕ್ಕೆ ಕೂಗಿ. ಎಳ್ಕೋತೀವಿ.”

ರಾಯರು ಸಾಹೇಬರ ಕಾಲಿಗೇ ಬಿದ್ದರು. ಪಿಂಚಣಿ ಹಾಳಾಗಿ ಹೋಗಲಿ. “ಸಾರ್, ನನಗೆ ವಾಸನೆ ಬರಲ್ಲ. ಮೂರು ತಿಂಗಳಾಯ್ತು. ಬರೆದದ್ದೆಲ್ಲ ಸುಳ್ಳು. ಬೇಕಾದ್ರೆ ಇವನನ್ನೇ ಕೇಳಿ.”

ಸಾಹೇಬರು ಆಪರೇಟರನ ಕಡೆ ತಿರುಗಿದರು. “ಇವರಿಗೆ ಬರಲ್ಲ ಅಂದ್ರೆ ನೀನು ಇಳೀತೀಯೇನಯ್ಯಾ?”

ಆಪರೇಟರ್ ಬಾವಿಯೊಳಗೆ ಒಮ್ಮೆ ಇಣುಕಿದ. “ಬರುತ್ತೆ ಸಾರ್. ರಾಯರಿಗೆ ಚೆನ್ನಾಗೇ ಬರುತ್ತೆ.”

“ಊರಿಗೂರೇ ಮೆಚ್ಚಿದ ಮೂಗು, ಬರಲ್ವಂತೆ!” ಸಾಹೇಬರು ನಕ್ಕರು. “ಬಾವಿ ಕಂಡ ಕೂಡ್ಲೇ ಎಲ್ಲರೂ ಇದನ್ನೇ ಹೇಳ್ತಾರೆ ಕಣ್ರೀ. ಮಂಗಳವಾರ ಅವನೂ ಇದನ್ನೇ ಹೇಳಿದ. ಏಳಿ, ಹೊತ್ತಾಯ್ತು.”

ರಾಯರು ಮೊದಲನೇ ಮೆಟ್ಟಿಲಿಗೆ ಕಾಲಿಟ್ಟು, ಉಸಿರೆಳೆದು, ಗಂಟಲು ಹರಿಯುವಂತೆ ಕೂಗಿದರು:

“ಇಲ್ಲಾ ಸಾರ್! ವಾಸನೆ ಇಲ್ಲಾ! ಎಳ್ಕೊಳ್ಳಿ!”

ಮೇಲೆ ಸಾಹೇಬರು ಕರ್ಚೀಫಿನೊಳಗಿಂದ ಬೈದರು: “ಸುಳ್ಳು ಹೇಳಬೇಡ್ರೀ, ಇಲ್ಲಿ ನನಗೇ ನಾರ್ತಿದೆ! ಇಳೀರಿ ಕೆಳಗೆ!”

ಹಗ್ಗ ಸಡಿಲವಾಯಿತು. ರಾಯರು ಎರಡನೇ ಮೆಟ್ಟಿಲನ್ನು ಕಾಲಿನಿಂದ ತಡಕಿದರು.