ಹೆಂಡತಿಯ ಹಗ್ಗ, ಗಂಡನ ಮುಸುಕು

‘ಕ್ಷಮಿಸಿ, ಈ ಪ್ರಸಾರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.’

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ ಈ ಸಾಲನ್ನು ಆಯ್ತಪ್ಪ ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿ ಮತ್ತೆ ಓದಿದ. ಗಾಜು ಶುಭ್ರವಾಯಿತೇ ಹೊರತು ಸಾಲು ಬದಲಾಗಲಿಲ್ಲ.

ಆಯ್ತಪ್ಪ ಎನ್ನುವುದು ಅವನ ಹೆಸರಲ್ಲ. ಯಾರು ಏನು ಹೇಳಿದರೂ ‘ಆಯ್ತಪ್ಪ’ ಎಂದು ತಲೆಯಾಡಿಸುತ್ತಿದ್ದುದರಿಂದ ಅಂಟಿಕೊಂಡ ಅಡ್ಡಹೆಸರು. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನ ಮೇಜಿನ ಮೇಲೆ ಅವನ ಕೆಲಸಕ್ಕಿಂತ ಪಕ್ಕದವರ ಕೆಲಸವೇ ಹೆಚ್ಚು ಇರುತ್ತಿತ್ತು. ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಅಗ್ನಿಶಾಮಕ ದಳದಲ್ಲಿ ವಾಹನ ಓಡಿಸುವ ಹೆಂಗಸು. ಬೆಂಕಿಯೇ ಅವಳನ್ನು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ ಎಂದು ಅವಳ ಜೊತೆಯವರು ಹೇಳುತ್ತಿದ್ದರು. ದಳದ ಹೆಂಗಸರ ಹಗ್ಗಜಗ್ಗಾಟದ ತಂಡದಲ್ಲಿ, ಹಗ್ಗದ ಕೊನೆಯನ್ನು ಮೈಗೆ ಸುತ್ತಿಕೊಂಡು, ನೆಲಕ್ಕೆ ಬೇರು ಬಿಟ್ಟವಳಂತೆ ನಿಲ್ಲುವವಳೂ ಅವಳೇ. ನಾನಾ ದೇಶಗಳ ಅಗ್ನಿಶಾಮಕ ದಳಗಳ ಪಂದ್ಯಾವಳಿಗೆಂದು ತಂಡ ಸಮುದ್ರ ದಾಟಿ ಹೋಗಿತ್ತು. ಇಂದು ಮಧ್ಯಾಹ್ನ ಫೈನಲ್.

ಹಿಂದೊಮ್ಮೆ ಇದೇ ಊರಿನ ಮೈದಾನದಲ್ಲಿ ಅವಳ ಪಂದ್ಯ ನೋಡಲು ಹೋದವನು ಬೆಚ್ಚನೆಯ ಬಿಸಿಲಿಗೆ ಮೈಯೊಡ್ಡಿ ಕೂತಲ್ಲೇ ನಿದ್ದೆಹೋಗಿದ್ದ. ಸಂಜೆ ಮನೆಗೆ ಬಂದು, "ಏನು ಎಳೆದೆಯೇ ಮಾರಾಯ್ತಿ! ಭೂಮಿ ನಡುಗಿಹೋಯ್ತು" ಎಂದು ಹೊಗಳಿದ. ಅವಳು ಬೂಟು ಬಿಚ್ಚುತ್ತಾ, "ಕಾಲು ಉಳುಕಿತ್ತು. ಇವತ್ತು ನಾನು ಮೈದಾನಕ್ಕೇ ಇಳೀಲಿಲ್ಲ" ಎಂದಳು. ಆಮೇಲೆ ಬಹಳ ದಿನ ಆ ಮನೆಯಲ್ಲಿ ಮಿಕ್ಸಿ ಮಾತ್ರ ಮಾತಾಡಿತ್ತು. ಹಾಗಾಗಿ ವಿಮಾನ ನಿಲ್ದಾಣದಲ್ಲಿ ಅವಳು, "ಈ ಸಲನಾದ್ರೂ ನೋಡ್ತೀರಾ?" ಎಂದು ಕೇಳಿದಾಗ ಅವನು ಎದೆ ಮುಟ್ಟಿಕೊಂಡು ಮಾತು ಕೊಟ್ಟಿದ್ದ. ಕಚೇರಿಗೆ ತಲೆಸುತ್ತು ಎಂದು ಹೇಳಿ ರಜೆಯನ್ನೂ ಹಾಕಿದ್ದ. ಈಗ ನೋಡಿದರೆ ಈ ಸಾಲು.

ಅವನು ಮೆಟ್ಟಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಮೇಲಿನ ಮನೆಯ ಹಲ್ಲಿನ ಡಾಕ್ಟರು ಇಳಿದು ಬಂದರು. ವಿಷಯ ಕೇಳಿ ನಕ್ಕರು.

"ಇಷ್ಟಕ್ಕೇ ಇಂಥ ಮುಖವೇನ್ರೀ? ವಿಪಿಎನ್ ಹಾಕ್ಕೊಳ್ಳಿ. ನಾವು ಇಂಟರ್‌ನೆಟ್ಟಿಗೆ ಹೋದಾಗ ಐಪಿ ಅಂತ ಒಂದು ವಿಳಾಸ ಹೋಗುತ್ತೆ. ನೀವು ಎಲ್ಲಿಯವರು ಅಂತ ಅದನ್ನ ನೋಡೇ ಬಾಗಿಲು ಹಾಕೋದು. ಈ ಸಾಫ್ಟ್‌ವೇರು ಅದರ ಮೇಲೊಂದು ಮುಸುಕು ಹಾಕಿ, ಇವರು ಆ ದೇಶದವರೇ ಸ್ವಾಮಿ ಅಂತ ಹೇಳಿಬಿಡುತ್ತೆ."

ಕೆಳಗಿನ ಮನೆಯ ಬಾಗಿಲು ತಟ್ಟನೆ ತೆರೆಯಿತು. ನಿವೃತ್ತ ಪೋಸ್ಟ್‌ಮಾಸ್ಟರರು ಬಾಗಿಲ ಹಿಂದೆಯೇ ನಿಂತಿದ್ದರೆಂದು ಕಾಣುತ್ತದೆ.

"ಅಂದ್ರೆ ಸುಳ್ಳು ವಿಳಾಸ! ಜೀವನಪೂರ್ತಿ ವಿಳಾಸ ನಂಬಿ ಬದುಕಿದೋನು ನಾನು. ನನ್ನ ಕಟ್ಟಡದಲ್ಲಿ ಇಂಥ ಕೆಲಸವೇ?"

"ಕಟ್ಟಡ ನಿಮ್ಮದಲ್ವಲ್ಲ ಸಾರ್, ನೀವೂ ಬಾಡಿಗೆಗಿದೀರಿ" ಎಂದರು ಡಾಕ್ಟರು.

"ಆತ್ಮಸಾಕ್ಷಿ ಬಾಡಿಗೇದಲ್ಲ!" ಎಂದು ಪೋಸ್ಟ್‌ಮಾಸ್ಟರರು ಗುಡುಗಿದರು. ಆದರೆ ಸುಳ್ಳು ವಿಳಾಸ ಹೇಗಿರುತ್ತದೆಂದು ಕಣ್ಣಾರೆ ಕಾಣಲು ಅವರೇ ಎಲ್ಲರಿಗಿಂತ ಮೊದಲು ಆಯ್ತಪ್ಪನ ಮನೆಯ ಸೋಫಾ ಹಿಡಿದರು.

ಮುಸುಕು ಹಾಕುವುದು ಡಾಕ್ಟರು ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ಸಲ ಒತ್ತಿದಾಗ ಆಯ್ತಪ್ಪ ಯಾವುದೋ ಹಿಮದ ನಾಡಿಗೆ ಸೇರಿದ. ಪರದೆಯ ತುಂಬ ಹಿಮ ಎತ್ತುವ ಸಲಿಕೆಯ ಜಾಹೀರಾತು. ಎರಡನೆಯ ಸಲ ಒತ್ತಿದಾಗ ಅಕ್ಷರಗಳೆಲ್ಲ ಇರುವೆ ಸಾಲಿನಂತಾಗಿ, ಎಡ ಯಾವುದು ಬಲ ಯಾವುದು ತಿಳಿಯದಾಯಿತು. "ಕೂತಲ್ಲೇ ಎರಡು ದೇಶ ಸುತ್ತಿದ್ರಿ, ಟಿಕೆಟ್ಟಿಲ್ಲ, ಲಗೇಜಿಲ್ಲ" ಎಂದು ಡಾಕ್ಟರು ಬೆನ್ನು ತಟ್ಟಿದರು. ಮೂರನೆಯ ಸಲ ಸರಿಯಾದ ದೇಶ ಸಿಕ್ಕಿತು. ಖಾತೆ ತೆರೆಯಿರಿ ಎಂದಿತು, ತೆರೆದ. ನೀವು ಈ ದೇಶದ ನಿವಾಸಿಯೇ ಎಂದು ಕೇಳಿತು. ಆಯ್ತಪ್ಪ ಪೋಸ್ಟ್‌ಮಾಸ್ಟರರ ಕಡೆ ನೋಡಿದ. ಅವರು ಗೋಡೆಯ ಕಡೆ ನೋಡಿದರು. ಆಯ್ತಪ್ಪ ‘ಹೌದು’ ಒತ್ತಿದ.

ಹಸಿರು ಮೈದಾನ ತೆರೆದುಕೊಂಡಿತು. ಕೆಂಪು ಅಂಗಿ ತೊಟ್ಟ ಹೆಂಗಸರ ಸಾಲು. ಕೊನೆಯಲ್ಲಿ, ಹಗ್ಗವನ್ನು ಹೆಗಲ ಮೇಲೆ ಹಾಯಿಸಿಕೊಳ್ಳುತ್ತ, ಅವಳು!

"ಅವಳೇ! ನಮ್ಮವಳೇ!" ಎಂದು ಆಯ್ತಪ್ಪ ಕೂಗಿದ. ಕೂಗು ಕೇಳಿ ಅಕ್ಕಪಕ್ಕದವರೆಲ್ಲ ನುಗ್ಗಿದರು. ಪೋಸ್ಟ್‌ಮಾಸ್ಟರರ ಹೆಂಡತಿ ಮಾತ್ರ ಬಾಗಿಲಲ್ಲಿ ಇಣುಕಿ, "ಹಗ್ಗ ಎಳೆಯೋದನ್ನ ನೋಡೋಕೆ ಇಷ್ಟು ಜನವೇ? ನಮ್ಮನೇಲಿ ಬಟ್ಟೆ ಒಣಹಾಕೋ ಹಗ್ಗ ಬಿಗಿದುಕೊಡಿ ಅಂದ್ರೆ ಒಬ್ರೂ ಬರಲ್ಲ" ಎಂದು ಹೊರಟುಹೋದರು.

ಮೊದಲ ಎಳೆತ ನಮ್ಮವರದಾಯಿತು. ಎರಡನೆಯದು ಎದುರಾಳಿಗಳದು. ಇನ್ನು ಉಳಿದದ್ದು ಗೆಲುವು ಸೋಲು ತೀರ್ಮಾನಿಸುವ ಎಳೆತ. ಹೆಂಗಸರು ಕೈಗೆ ಮಣ್ಣು ಉಜ್ಜಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಆಯ್ತಪ್ಪನ ಫೋನು ಬಡಿದುಕೊಂಡಿತು. ಕಚೇರಿಯ ಮ್ಯಾನೇಜರು.

"ಎಲ್ಲಿದೀರಿ?"

"ಮನೇಲಿ ಸಾರ್. ತಲೆಸುತ್ತು."

"ಮನೇಲಾ? ನಿಮ್ಮ ಕಚೇರಿ ಇಮೇಲು ಮೂರು ದೇಶದಿಂದ ತೆರೆದಿದೆ ಅಂತ ನನಗೆ ಎಚ್ಚರಿಕೆ ಬಂದಿದೆ ಕಣ್ರಿ! ಒಂದರ ಹಿಂದೆ ಒಂದು! ತಲೆಸುತ್ತು ಅಂತ ರಜೆ ಹಾಕಿ ಜಗತ್ತು ಸುತ್ತುತಿದೀರಾ?"

ಆಯ್ತಪ್ಪ ಪರದೆಯ ಕಡೆ ತಿರುಗಿ ನೋಡಿದ. ಕಚೇರಿಯ ಇಮೇಲು ಅದೇ ಲ್ಯಾಪ್‌ಟಾಪಿನ ಮೂಲೆಯಲ್ಲಿ ತೆರೆದೇ ಇತ್ತು. ಅವನು ಮುಸುಕು ಹಾಕಿಕೊಂಡಾಗ ಅದೂ ಹಾಕಿಕೊಂಡು ಅವನ ಜೊತೆ ಪ್ರವಾಸ ಹೊರಟಿತ್ತು.

"ಈಗಲೇ ವಿಡಿಯೊ ಕರೆ ಮಾಡ್ತೀನಿ. ಮುಖ ತೋರಿಸಿ."

ಆಯ್ತಪ್ಪ ಮಲಗುವ ಕೋಣೆಗೆ ಓಡಿ, ಹೊದಿಕೆ ಗದ್ದದವರೆಗೆ ಎಳೆದುಕೊಂಡ. ಯಾರೋ ಹಣೆಯ ಮೇಲೆ ಒದ್ದೆ ಬಟ್ಟೆ ಎಸೆದರು. ಅದು ನೆಲ ಒರೆಸುವ ಬಟ್ಟೆ ಎಂದು ವಾಸನೆಯಿಂದ ಗೊತ್ತಾಯಿತು. ಅದರಿಂದ ಅವನ ಮುಖದಲ್ಲಿ ನಿಜವಾದ ಸಂಕಟ ಮೂಡಿ ಒಳ್ಳೆಯದೇ ಆಯಿತು. ಡಾಕ್ಟರು ಬಿಳಿ ಕೋಟು ತೊಟ್ಟು ಪಕ್ಕದಲ್ಲಿ ನಿಂತರು.

"ಡಾಕ್ಟರೂ ಬಂದಿದಾರಾ?" ಮ್ಯಾನೇಜರ ದನಿ ಮೆತ್ತಗಾಯಿತು. "ಏನಾಗಿದೆ ಇವರಿಗೆ?"

ಹಲ್ಲನ್ನು ಬಿಟ್ಟು ಬೇರೇನೂ ತಿಳಿಯದ ಡಾಕ್ಟರು, "ಬಾಯಿ ತೆಗೀರಿ" ಎಂದರು. ಆಯ್ತಪ್ಪ ತೆಗೆದ. "ಇಲ್ಲೇ ಇದೆ ನೋಡಿ ಮೂಲ. ಹಿಂದಿನ ದವಡೆ. ಅಲ್ಲಿಂದ ನೇರವಾಗಿ ತಲೆಗೆ."

ಅದೇ ಹೊತ್ತಿಗೆ ಹಜಾರದಿಂದ, "ಎಳೀರೇ! ಬಿಡಬೇಡಿ! ಎಳೀರೇ!" ಎಂಬ ಕೂಗು ಗೋಡೆ ಸೀಳಿಕೊಂಡು ಬಂತು.

ಮ್ಯಾನೇಜರು ಬೆಚ್ಚಿದರು. "ಹಲ್ಲು ಕೀಳೋಕೆ ಅಷ್ಟು ಜನ ಬೇಕೇನ್ರೀ?"

ಇನ್ನು ತಡೆಯಲು ಆಯ್ತಪ್ಪನಿಂದ ಆಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಮೇಲಧಿಕಾರಿಯ ಮಾತಿಗೆ ತಲೆಯಾಡಿಸದೆ ಎದ್ದು ಕೂತ. "ಸಾರ್, ತಲೆಸುತ್ತಿಲ್ಲ, ಹಲ್ಲುನೋವಿಲ್ಲ. ನನ್ನ ಹೆಂಡತಿ ಫೈನಲ್ ಆಡ್ತಿದಾಳೆ. ಅದನ್ನ ನೋಡೋಕೆ ಮುಸುಕಿನ ಸಾಫ್ಟ್‌ವೇರು ಹಾಕಿದೀನಿ. ನಾಳೆ ಬಂದು ಎಷ್ಟು ಬೇಕಾದ್ರೂ ಬೈಸ್ಕೋತೀನಿ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಫೋನನ್ನು ದಿಂಬಿನ ಕೆಳಗೆ ತುರುಕಿ ಓಡಿದ.

ಹಜಾರದಲ್ಲಿ ಯಾರಿಗೂ ಮೈಮೇಲೆ ಪ್ರಜ್ಞೆ ಇರಲಿಲ್ಲ. ಹಗ್ಗ ಒಂದು ಗೇಣು ಆ ಕಡೆ, ಒಂದು ಗೇಣು ಈ ಕಡೆ. ಆಯ್ತಪ್ಪನ ಹೆಂಡತಿ ಹಿಂದಕ್ಕೆ ಬಾಗಿ ಬಾಗಿ ಆಕಾಶಕ್ಕೇ ಮುಖ ಕೊಟ್ಟಿದ್ದಳು. ಅವಳು ಬಾಗಿದಷ್ಟೂ ಕೋಣೆಯವರೆಲ್ಲ ಬಾಗಿದರು. ಸೋಫಾದಿಂದ ಯಾವಾಗಲೋ ನೆಲಕ್ಕಿಳಿದಿದ್ದ ಪೋಸ್ಟ್‌ಮಾಸ್ಟರರು ಕಣ್ಣು ಪರದೆಯ ಮೇಲೆ ನೆಟ್ಟು, ಕೈಗೆ ಸಿಕ್ಕಿದ್ದನ್ನು ಹಿಡಿದು ಹಲ್ಲುಕಚ್ಚಿ ಎಳೆಯುತ್ತಿದ್ದರು. ಅವರ ಸೊಂಟ ಹಿಡಿದು ಹಿಂದಿನವರು, ಅವರ ಸೊಂಟ ಹಿಡಿದು ಡಾಕ್ಟರು.

"ಇನ್ನೊಂದು ಸಲ! ಎಲ್ರೂ ಸೇರಿ!" ಎಂದು ಪೋಸ್ಟ್‌ಮಾಸ್ಟರರು ಅಬ್ಬರಿಸಿದರು.

ಎಲ್ಲರೂ ಸೇರಿ ಎಳೆದರು. ಅವರ ಕೈಗೆ ಸಿಕ್ಕಿದ್ದು ಇಂಟರ್‌ನೆಟ್ ಪೆಟ್ಟಿಗೆಯ ವೈರು. ಪೆಟ್ಟಿಗೆ ಗೋಡೆಯಿಂದ ಕಿತ್ತು ಹಾರಿಬಂದು ಸೋಫಾದ ಮೇಲೆ ಬಿತ್ತು. ಎಳೆದವರು ಒಬ್ಬರ ಮೇಲೊಬ್ಬರು ಅಂಗಾತ ಬಿದ್ದರು. ಪರದೆ ಕಪ್ಪಾಯಿತು.

ರಾಶಿಯೊಳಗಿಂದ ಪೋಸ್ಟ್‌ಮಾಸ್ಟರರ ದನಿ ಬಂತು: "ಗೆದ್ವಾ?"

ಸಂಜೆಗೆ ಹೆಂಡತಿಯ ಫೋನು ಬಂದಾಗ ಎಲ್ಲರೂ ಅವನ ಸುತ್ತ ಕೂತಿದ್ದರು. ‘ನೋಡಿದೆ ಅಂತ ಹೇಳಿ, ನೋಡಿದೆ ಅಂತ’ ಎಂದು ಡಾಕ್ಟರು ಸನ್ನೆ ಮಾಡುತ್ತಿದ್ದರು.

"ನೋಡಿದ್ರೇನ್ರೀ?"

ಆಯ್ತಪ್ಪ ಡಾಕ್ಟರ ಕಡೆಗೆ ಬೆನ್ನು ಮಾಡಿದ. "ಮುಸುಕಿನ ಸಾಫ್ಟ್‌ವೇರು ಹಾಕ್ಕೊಂಡು ಮೊದಲ ಎರಡು ಎಳೆತ ಬಿಡದೆ ನೋಡಿದೆ ಕಣೇ. ನಿನ್ನ ಕಾಲು ಅಲ್ಲಾಡಲೇ ಇಲ್ಲ. ಕೊನೇದನ್ನೂ ನೋಡ್ತಿದ್ದೆ, ಅಷ್ಟರಲ್ಲಿ ನಾವೇ ವೈರು ಕಿತ್ತು ಹಾಕಿದ್ವಿ. ಗೆದ್ರೋ ಸೋತ್ರೋ ಗೊತ್ತಿಲ್ಲ. ಬೈಯೋದಾದ್ರೆ ಬೈಯಿ."

ಆ ಕಡೆಯಿಂದ ನಗು, ಹೊಟ್ಟೆ ಹಿಡಿದುಕೊಂಡು ನಗುವ ನಗು.

"ಗೆದ್ದೆ ಅಂತ ಹೊಗಳಿದ್ದಿದ್ರೆ ಈಗಲೇ ಫೋನ್ ಇಟ್ಬಿಡ್ತಿದ್ದೆ! ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ ಕಣ್ರಿ. ಹಗ್ಗವೇ ಹರಿದುಹೋಯ್ತು! ಎರಡೂ ತಂಡ ಅಂಗಾತ ಬಿದ್ವು. ನಾಳೆ ಮಧ್ಯಾಹ್ನ ಹೊಸ ಹಗ್ಗ ತಂದು ಮತ್ತೆ ಎಳೆಸ್ತಾರೆ. ಇನ್ನೊಂದು ವಿಷಯ. ಹಗ್ಗ ಹರಿದ ವಿಡಿಯೊ ಎಲ್ಲ ಕಡೆ ಓಡಾಡ್ತಿದೆಯಂತೆ. ಅದಕ್ಕೇ ನಾಳೆ ಪ್ರಸಾರನ ಎಲ್ಲ ದೇಶಕ್ಕೂ ಬಿಟ್ಟಿದಾರೆ. ನಿಮ್ಮ ಮುಸುಕು ಗಿಸುಕು ಏನೂ ಬೇಡ. ಮುಖ ತೊಳ್ಕೊಂಡು ಕೂತು ನೋಡಿ, ಸಾಕು."

ಆಯ್ತಪ್ಪನಿಗೆ ಕುಣಿಯಬೇಕೆನಿಸಿತು. ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ಜೋಡಿಸಿ, ಮುಸುಕನ್ನು ಬೇರುಸಹಿತ ಅಳಿಸಿಹಾಕಿ, ಸಾಚಾ ಮನುಷ್ಯನಂತೆ ಆ ಪುಟ ತೆರೆದ. ಮೇಲ್ಗಡೆ ಹಸಿರು ಅಕ್ಷರದಲ್ಲಿ ‘ನಾಳಿನ ಮರುಪಂದ್ಯ: ಎಲ್ಲ ಪ್ರದೇಶಗಳಲ್ಲೂ ಲಭ್ಯ’ ಎಂದಿತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ:

‘ಸುಳ್ಳು ಪ್ರದೇಶದಿಂದ ವೀಕ್ಷಿಸಿದ್ದಕ್ಕಾಗಿ ನಿಮ್ಮ ಖಾತೆಯನ್ನೂ ಈ ಸಾಧನವನ್ನೂ ತಡೆಹಿಡಿಯಲಾಗಿದೆ.’

ಅದೇ ಖಾತೆಯಿಂದ ತನ್ನ ಫೋನಿನಲ್ಲಿ ತೆರೆದ, ಅಲ್ಲಿಯೂ ಕೆಂಪಕ್ಷರ. ಜಗತ್ತಿಗೆಲ್ಲ ಬಾಗಿಲು ತೆರೆದವರು ಅವನೊಬ್ಬನಿಗೆ ಚಿಲಕ ಹಾಕಿದ್ದರು.

ಆದರೂ ಅವನು ಎದೆಗುಂದಲಿಲ್ಲ. ಒಂದು ಬಾಗಿಲು ಮುಚ್ಚಿದರೇನು, ಕಟ್ಟಡದಲ್ಲಿ ಇಷ್ಟು ಮನೆಗಳಿಲ್ಲವೇ? ಮೆಟ್ಟಿಲು ಹತ್ತಿ ಡಾಕ್ಟರ ಬಾಗಿಲು ತಟ್ಟಿದ. ಡಾಕ್ಟರು ಕೈಯಲ್ಲಿ ಫೋನು ಹಿಡಿದು ಪೆಚ್ಚುಮೋರೆ ಹಾಕಿಕೊಂಡು ಬಂದರು. "ಹಿಂದಿನ ಸಾಲಿನಲ್ಲಿ ಕೂತಿದ್ನಲ್ರೀ, ಸರಿಯಾಗಿ ಕಾಣ್ತಿರಲಿಲ್ಲ. ನಿಮ್ಮ ವೈಫೈಯಲ್ಲೇ ನನ್ನ ಫೋನಲ್ಲೂ ಮುಸುಕು ಹಾಕಿ ನೋಡ್ತಿದ್ದೆ. ನನಗೂ ಕೆಂಪಕ್ಷರ."

ಇಬ್ಬರೂ ಎದುರುಮನೆಗೆ ಹೋದರು. ಅಲ್ಲಿಯೂ ಕೆಂಪಕ್ಷರ. ಪಕ್ಕದ ಮನೆಯಲ್ಲೂ ಅದೇ. ಡಾಕ್ಟರು ಹೇಳಿಕೊಟ್ಟ ಉಪಾಯವನ್ನು ಅವತ್ತು ಇಡೀ ಕಟ್ಟಡವೇ ಕಲಿತುಬಿಟ್ಟಿತ್ತು. ಕೊನೆಗೆ ಉಳಿದದ್ದು ಪೋಸ್ಟ್‌ಮಾಸ್ಟರರು. ಸುಳ್ಳು ವಿಳಾಸವೆಂದರೆ ಉರಿದುಬೀಳುವ ಮನುಷ್ಯ. ಅವರ ಫೋನಿಗೆ ಯಾವ ಕಳಂಕವೂ ಇರಲಾರದು ಎಂದು ಇಬ್ಬರೂ ಧೈರ್ಯವಾಗಿ ಇಳಿದರು.

ಪೋಸ್ಟ್‌ಮಾಸ್ಟರರು ಬಾಗಿಲು ತೆರೆದು, ಅವರನ್ನು ನೋಡಿ, ನೆಲ ನೋಡಿದರು.

"ನೀವೂನಾ ಸಾರ್?"

"ಪರೀಕ್ಷೆ ಮಾಡೋಣ ಅಂತ ಹಾಕಿದ್ದಪ್ಪ. ತಪ್ಪು ಎಂಥದ್ದು ಅಂತ ತಿಳೀದೆ ಖಂಡಿಸೋದು ಸರಿಯಲ್ಲ ನೋಡು."

ಅಷ್ಟರಲ್ಲಿ ಆಯ್ತಪ್ಪನ ಫೋನು ಸದ್ದು ಮಾಡಿತು. ಮ್ಯಾನೇಜರು. ಬೈಗುಳಕ್ಕೆ ಬೆನ್ನು ಕೊಟ್ಟವನಂತೆ ಮೈ ಕುಗ್ಗಿಸಿ ಎತ್ತಿಕೊಂಡ.

"ಏನ್ರೀ," ಮ್ಯಾನೇಜರ ದನಿ ಪಿಸುಮಾತಿನಷ್ಟು ತಗ್ಗಿತ್ತು, "ನೀವು ಫೋನ್ ಇಟ್ಟ ಮೇಲೆ ನಾನೂ ಆ ಮುಸುಕು ಹಾಕಿ ನೋಡಿದೆ. ಏನು ಎಳೀತಾರ್ರೀ ನಿಮ್ಮನೆಯವರು! ನಾಳೆ ನಿಮಗೆ ರಜೆ ಕೊಟ್ಟಿದೀನಿ. ನಮ್ಮನೇಲಿ ಏನೋ ಕೆಂಪಕ್ಷರ ಬರ್ತಿದೆ. ಸಂಸಾರ ಸಮೇತ ನಿಮ್ಮಲ್ಲಿಗೇ ಬರ್ತೀನಿ."

ಆಯ್ತಪ್ಪ ಇಲ್ಲ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಕರೆ ಮುಗಿದಿತ್ತು. ಮೂವರೂ ಪಿಸುಗುಟ್ಟತೊಡಗಿದರು. ಆಗ ಅಡುಗೆಮನೆಯಿಂದ ಪೋಸ್ಟ್‌ಮಾಸ್ಟರರ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದು, "ಏನದು ಗುಸುಗುಸು? ಆ ಹಗ್ಗದ್ದೇ? ನನ್ನ ಫೋನಲ್ಲಿ ಬರುತ್ತೋ ನೋಡ್ಕೊಳ್ಳಿ" ಎಂದು ಚಾಚಿದರು.

ಆಯ್ತಪ್ಪ ಪುಟ ತೆರೆದ. ಹಸಿರು ಅಕ್ಷರ. ಕೆಳಗೆ ಕೆಂಪಿಲ್ಲ! ಕಟ್ಟಡದಲ್ಲಿ ಮುಖ ಮುಚ್ಚಿಕೊಳ್ಳದೆ ಉಳಿದಿದ್ದವರು ಆ ತಾಯಿ ಒಬ್ಬರೇ. ಮೂವರೂ ಒಮ್ಮೆಲೇ ಅವರಿಗೆ ಕೈಮುಗಿದರು.

"ಅಮ್ಮಾ, ನಾಳೆ ಮಧ್ಯಾಹ್ನ ಈ ಫೋನು..."

"ಮಧ್ಯಾಹ್ನವೇ?" ಆಕೆ ಫೋನನ್ನು ಮೆತ್ತಗೆ ಅವನ ಕೈಯಿಂದ ಬಿಡಿಸಿಕೊಂಡರು. "ಆ ಹೊತ್ತಿಗೆ ಇದೇ ಫೋನಲ್ಲಿ ನನ್ನ ಧಾರಾವಾಹಿ ಇದೆಯಲ್ಲಪ್ಪ. ಕಳೆದುಹೋದ ಸೊಸೆ ನಾಳೆ ವಾಪಸ್ಸು ಬರ್ತಾಳೆ. ಅದನ್ನ ಬಿಡೋಕಾಗುತ್ತಾ? ಹೀಗೆ ಬಾಗಿಲಲ್ಲಿ ನಿಂತರೆ ಆಗಲ್ಲ. ಒಳಗೆ ಬನ್ನಿ, ಕೂತು ಮಾತಾಡೋಣ."

ಬನ್ನಿ ಎಂದರಲ್ಲ, ಅಷ್ಟು ಸಾಕು ಎಂದುಕೊಂಡು ಆಯ್ತಪ್ಪ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟ.